ತಮ್ಮನ ಪರವಾಗಿ ಸಹಿ ಹಾಕುವ ಹಕ್ಕು

ಮಗನಿಗೆ ಹದಿನೆಂಟು ವರ್ಷ ತುಂಬಿದ ಮೇಲೆ ಅವನ ಪರವಾಗಿ ಸಹಿ ಹಾಕುವ ಅಧಿಕಾರ ಹೆತ್ತ ತಾಯಿಗೂ ತಾನಾಗಿ ಇರುವುದಿಲ್ಲ ಎಂಬ ಸಂಗತಿ ನಮ್ಮ ಮನೆಯವರಿಗೆ ಗೊತ್ತಾದದ್ದು ಅಪ್ಪ ತೀರಿಕೊಂಡ ಮೇಲೆ, ಪವತಿ ಖಾತೆಗೆ, ಅಂದರೆ ಅವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಲು ಹೊರಟಾಗ. ನನ್ನ ತಮ್ಮನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗಾದ ಹಾನಿಯಿಂದ ಕೈಕಾಲುಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ, ಅದರ ಜೊತೆಗೆ ಬೌದ್ಧಿಕ ವಿಕಲತೆ. ಹುಟ್ಟಿದ ಕೂಡಲೇ ಮಗು ಅಳಲಿಲ್ಲ, ಮಿದುಳಿಗೆ ಆಮ್ಲಜನಕ ಸಾಲಲಿಲ್ಲ ಎಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೈದ್ಯರು ಅಪ್ಪನಿಗೆ ವಿವರಿಸಿದ್ದರಂತೆ. ಅವನೀಗ ಮೂವತ್ತು ದಾಟಿದ ಗಂಡಸು. ಗೋಡೆ ಹಿಡಿದು ನಡೆಯುತ್ತಾನೆ, ಕಲಸಿ ಕೊಟ್ಟರೆ ಊಟ ತಾನೇ ಮಾಡುತ್ತಾನೆ, ಮನೆಯವರಿಗೆ ತಿಳಿಯುವಷ್ಟು ಮಾತಾಡುತ್ತಾನೆ, ಊರಲ್ಲಿ ಯಕ್ಷಗಾನವಿದ್ದರೆ ಬೆಳಗಿನವರೆಗೂ ಕಣ್ಣು ಮುಚ್ಚದೆ ಕೂರುತ್ತಾನೆ. ಹಣದ ಲೆಕ್ಕ, ಪತ್ರದ ಒಕ್ಕಣೆ, ಸಹಿ ಇವು ಮಾತ್ರ ಅವನಿಗೆ ಎಟುಕುವುದಿಲ್ಲ.

ಮಲೆನಾಡಿನ ಅಂಚಿನಲ್ಲಿರುವ ನಮ್ಮ ಹಳ್ಳಿಯಲ್ಲಿ ಅಪ್ಪನ ಹೆಸರಿಗೆ ಸ್ವಲ್ಪ ಅಡಿಕೆ ತೋಟವಿತ್ತು. ವಂಶವೃಕ್ಷದ ಪ್ರಕಾರ ಅಮ್ಮ, ನಾನು, ತಮ್ಮ ಮೂವರು ವಾರಸುದಾರರು. ಪವತಿ ಖಾತೆಗೆ ವಾರಸುದಾರರೆಲ್ಲರ ಹೇಳಿಕೆ ಬೇಕೆಂದು ಕೇಳಿದ ಕಂದಾಯ ಇಲಾಖೆಯವರು, ತಮ್ಮನನ್ನು ನೋಡಿ, ಇವರ ಪರವಾಗಿ ಯಾರು ಹೇಳಿಕೆ ಕೊಡುತ್ತಾರೆ, ಅದಕ್ಕೆ ಆಧಾರವೇನು ಎಂದು ಪ್ರಶ್ನಿಸಿದರು. ಅದೇ ಹೊತ್ತಿಗೆ ಅವನ ಮಾಸಾಶನ ಜಮೆಯಾಗುತ್ತಿದ್ದ ಬ್ಯಾಂಕಿನಲ್ಲೂ ತೊಡಕು ಎದ್ದಿತು. ಅಪ್ಪ ಇದ್ದಾಗ ಅವನನ್ನು ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿ ಹಣ ತರುತ್ತಿದ್ದರು. ಹೊಸದಾಗಿ ಬಂದ ವ್ಯವಸ್ಥಾಪಕರು, ತಾನು ಏನಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇನೆಂದು ತಿಳಿಯದ ವ್ಯಕ್ತಿಯಿಂದ ಒತ್ತಿಸಿಕೊಳ್ಳುವುದು ಸಾಧ್ಯವಿಲ್ಲ, ನ್ಯಾಯಾಲಯದಿಂದ ಪೋಷಕತ್ವದ ಆದೇಶ ತನ್ನಿ ಎಂದರು. ಅವರ ಎಚ್ಚರಿಕೆಯನ್ನು ನಾನು ತಪ್ಪೆನ್ನಲಾರೆ. ಮಾತಾಡಲಾಗದವರ ಹೆಬ್ಬೆಟ್ಟನ್ನು ಒತ್ತಿಸಿಕೊಂಡು ಆಸ್ತಿ ಬರೆಸಿಕೊಂಡ ಸಂಬಂಧಿಕರ ಕಥೆಗಳು ನಮ್ಮ ಸೀಮೆಯಲ್ಲಿ ಕಡಿಮೆಯೇನಿಲ್ಲ. ಆದರೆ ನ್ಯಾಯಾಲಯವೆಂದರೆ ವಕೀಲರ ಶುಲ್ಕ, ವಾಯಿದೆ ಮೇಲೆ ವಾಯಿದೆ ಎಂಬುದನ್ನು ನೆನೆದು ಅಮ್ಮ ಕುಗ್ಗಿಹೋದರು.

ದಾರಿ ತೋರಿಸಿದವರು ನಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಊರಲ್ಲಿ ಎಲ್ಲರೂ ಅವರನ್ನು ವಿಆರ್‌ಡಬ್ಲ್ಯು ಎಂದೇ ಕರೆಯುತ್ತಾರೆ. ಅವರಿಗೂ ಬಾಲ್ಯದ ಪೋಲಿಯೊದಿಂದ ಒಂದು ಕಾಲಿಗೆ ಬಲವಿಲ್ಲ. ಹಿಂದೆ ಎರಡು ಹೆಚ್ಚಿನ ಚಕ್ರ ಕಟ್ಟಿಸಿದ ಸ್ಕೂಟರಿನಲ್ಲಿ ಮನೆಮನೆಗೆ ಬರುತ್ತಾರೆ. 2007-08ರಿಂದ ಕರ್ನಾಟಕದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಇಂಥ ಒಬ್ಬರು, ಅವರ ಮೇಲೆ ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುವ ವ್ಯವಸ್ಥೆಯಿದೆ. ಈ ಕೆಲಸಕ್ಕೆ ಸ್ಥಳೀಯ ವಿಕಲಚೇತನರನ್ನೇ ಆರಿಸುವುದು ಇದರ ತಿರುಳು. ಅಪ್ಪನ ತಿಥಿಯ ದಿನ ಊಟಕ್ಕೆ ಬಂದವರು ಅಮ್ಮನ ಮುಖ ನೋಡಿ ವಿಚಾರಿಸಿದರು. ವಿಷಯ ಕೇಳಿದ ಮೇಲೆ ಅವರು ನನಗೆ ಹೇಳಿದ್ದು ಇಷ್ಟು: "ಕೋರ್ಟಿಗೆ ಹೋಗೋ ಅಗತ್ಯ ಇಲ್ಲ ಅಕ್ಕ. ಡಿ.ಸಿ. ಸಾಹೇಬ್ರ ಅಧ್ಯಕ್ಷತೇಲಿ ಒಂದು ಸಮಿತಿ ಇದೆ. ನಿಮ್ಮ ತಮ್ಮಂಗೆ ಇರೋದು ಆ ಕಾಯ್ದೆಗೆ ಬರ್ತದೆ. ಮೊದ್ಲು ಹೊಸ ಸರ್ಟಿಫಿಕೇಟು ಮಾಡ್ಸಣ."

ಅವರು ಹೇಳಿದ ಕಾಯ್ದೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಬಳಕೆಯಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆ ಈ ನಾಲ್ಕಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ಹದಿನೆಂಟು ದಾಟಿದ ಇಂಥ ವ್ಯಕ್ತಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಅಧಿಕಾರವನ್ನು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಕೊಟ್ಟಿದೆ. ಜಿಲ್ಲಾಧಿಕಾರಿ, ಟ್ರಸ್ಟ್‌ನಲ್ಲಿ ನೋಂದಾಯಿತವಾದ ಸಂಸ್ಥೆಯ ಒಬ್ಬ ಪ್ರತಿನಿಧಿ, ಮತ್ತು ಸ್ವತಃ ವಿಕಲಚೇತನರಾದ ಒಬ್ಬರು ಆ ಸಮಿತಿಯಲ್ಲಿರುತ್ತಾರೆ. ತಂದೆ ತಾಯಿ ಅಥವಾ ಸಂಬಂಧಿಕರು ತಮಗೆ ಒಪ್ಪಿಗೆಯಾದ ವ್ಯಕ್ತಿಯನ್ನು ಪೋಷಕರನ್ನಾಗಿ ನೇಮಿಸುವಂತೆ ಅರ್ಜಿ ಕೊಡಬಹುದು. ಇದನ್ನು ಓದಿ ತಿಳಿದ ರಾತ್ರಿ ಅಮ್ಮನಿಗೆ ವಿವರಿಸಿದಾಗ ಅವರು ಮೊದಲು ಕೇಳಿದ್ದು, "ಹಂಗಾರೆ ಇಷ್ಟು ವರ್ಷ ನಾನು ಅವನಿಗೆ ಯಾರು?" ಎಂದು.

ತಮ್ಮನ ಬಳಿ ಇದ್ದದ್ದು 1995ರ ಹಳೆಯ ಕಾಯ್ದೆಯಡಿ ಕೊಟ್ಟ, ಮಡಚಿ ಮಡಚಿ ಸವೆದ ಒಂದು ಕಾಗದ. ಅದರಲ್ಲಿ ಬೌದ್ಧಿಕ ವಿಕಲತೆಯ ಉಲ್ಲೇಖ ಮಾತ್ರ ಇತ್ತು, ಸೆರೆಬ್ರಲ್ ಪಾಲ್ಸಿಯ ಮಾತೇ ಇರಲಿಲ್ಲ. ಹಳೆಯ ಕಾಯ್ದೆ ಏಳು ಬಗೆಯ ವಿಕಲತೆಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿದೆ. ಈಗ ಪ್ರಮಾಣಪತ್ರಕ್ಕೆ ಸ್ವಾವಲಂಬನ್ ಜಾಲತಾಣದಲ್ಲಿಯೇ ಅರ್ಜಿ ಹಾಕಬೇಕು. ತಪಾಸಣೆ ಮುಗಿದ ಮೇಲೆ ಅದರ ಆಧಾರದಿಂದ ಯುಡಿಐಡಿ ಎಂಬ ಗುರುತಿನ ಚೀಟಿ ಅಂಚೆಯಲ್ಲಿ ಬರುತ್ತದೆ. ಅರ್ಜಿ ಹಾಕಲು ಆಧಾರ್ ಕಾರ್ಡಿಗೆ ಮೊಬೈಲ್ ಸಂಖ್ಯೆ ಜೋಡಿಸಬೇಕಿತ್ತು, ಅದಕ್ಕೆ ಬೆರಳಚ್ಚು ಬೇಕಿತ್ತು. ತಮ್ಮನ ಬಲಗೈ ಬೆರಳುಗಳು ಅಂಗೈಯೊಳಕ್ಕೆ ಬಿಗಿದುಕೊಂಡಿರುತ್ತವೆ. ಹೊರಗಿನವರು ಮುಟ್ಟಿದರಂತೂ ಇನ್ನಷ್ಟು ಬಿಗಿಯುತ್ತವೆ. ಕೇಂದ್ರದ ಹುಡುಗ ಒಂದೊಂದೇ ಬೆರಳನ್ನು ಬಿಡಿಸಿ ಗಾಜಿನ ಮೇಲೆ ಒತ್ತಿ ಹಿಡಿಯುವಷ್ಟರಲ್ಲಿ ಯಂತ್ರ ಕೆಂಪು ದೀಪ ತೋರಿಸುತ್ತಿತ್ತು, ತಮ್ಮ ಬೆವರುತ್ತಿದ್ದ, ಹಿಂದೆ ನಿಂತ ಸಾಲು ಉದ್ದವಾಗುತ್ತಿತ್ತು. ಬೆರಳಚ್ಚು ಸಿಗದವರಿಗೆ ವಿನಾಯಿತಿಯ ಅವಕಾಶವಿದೆ ಎಂಬುದನ್ನು ವಿಆರ್‌ಡಬ್ಲ್ಯು ಅವರೇ ಆ ಹುಡುಗನಿಗೆ ನೆನಪಿಸಬೇಕಾಯಿತು. ಆಮೇಲೆ ಕೆಲಸ ಸರಾಗವಾಯಿತು.

ಜಿಲ್ಲಾಸ್ಪತ್ರೆಯ ತಪಾಸಣೆಯ ಬಗ್ಗೆ ನಾನು ಕೊಂಚ ವಿವರವಾಗಿ ಬರೆಯಬೇಕು. ಅಲ್ಲಿಯ ಮನಶ್ಶಾಸ್ತ್ರಜ್ಞೆಯೊಬ್ಬರು ನಡೆದುಕೊಂಡ ರೀತಿ ಅಮ್ಮನಿಗೂ ನನಗೂ ಕಲಿಸಿದ್ದು ಬಹಳ. ಮೂಳೆ ತಜ್ಞರು ಕೈಕಾಲುಗಳ ಬಿಗಿತ, ನಡಿಗೆ, ಕೀಲುಗಳ ಚಲನೆ ನೋಡಿ ಬರೆದುಕೊಂಡು ಬೇಗ ಕಳುಹಿಸಿದರು. ಮನಶ್ಶಾಸ್ತ್ರಜ್ಞೆಯ ಕೋಣೆಯಲ್ಲಿ ಮಾತ್ರ ಬಹಳ ಹೊತ್ತು ಹಿಡಿಯಿತು. ಬುದ್ಧಿಮತ್ತೆಯ ಪರೀಕ್ಷೆಯ ಜೊತೆಗೆ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆಯ ಮಾಪಕ ಎಂಬುದೊಂದಿದೆ. ವ್ಯಕ್ತಿ ದಿನನಿತ್ಯ ಏನೇನು ಮಾಡಬಲ್ಲ ಎಂಬುದನ್ನು ಅವನನ್ನು ನೋಡಿಕೊಳ್ಳುವವರಿಂದ ಕೇಳಿ ತಿಳಿದು ಅಂಕ ಹಾಕುವ ಕ್ರಮ ಅದು. ಲೋಟದಿಂದ ಚೆಲ್ಲದೆ ಕುಡಿಯುತ್ತಾರೆಯೇ, ಶೌಚಕ್ಕೆ ಹೋಗಬೇಕೆಂದು ಹೇಳುತ್ತಾರೆಯೇ, ನೆರೆಮನೆಗೆ ಒಬ್ಬರೇ ಹೋಗಿ ಬರುತ್ತಾರೆಯೇ, ಅಂಗಡಿಯಿಂದ ಸಾಮಾನು ತರುತ್ತಾರೆಯೇ, ನಡೆದದ್ದನ್ನು ಹೇಳುತ್ತಾರೆಯೇ, ಹೀಗೆ ಪ್ರಶ್ನೆಗಳು ಸಾಗುತ್ತವೆ. ಅಮ್ಮ ಪ್ರತಿಯೊಂದಕ್ಕೂ "ಮಾಡ್ತಾನೆ" ಎಂದರು. ಮಗ ಮಾಡಲಾರ ಎಂದು ಪರರ ಮುಂದೆ ಹೇಳುವುದು ಅವರಿಗೆ ಸಾಧ್ಯವಿರಲಿಲ್ಲ.

ಅಂಗಿಯ ಗುಂಡಿಯ ಪ್ರಶ್ನೆ ಬಂದಾಗ ಆಕೆ ಮುಂದಕ್ಕೆ ಹೋಗದೆ, ತಮ್ಮನ ಅಂಗಿಯ ಮೇಲಿನ ಗುಂಡಿಯನ್ನು ತಾನೇ ಬಿಚ್ಚಿ, "ಹಾಕ್ಕೊಳ್ಳಿ ನೋಡೋಣ" ಎಂದು ಅವನಿಗೆ ಹೇಳಿ, ಪೆನ್ನು ಕೆಳಗಿಟ್ಟು ಕಾದು ಕುಳಿತರು. ತಮ್ಮ ಎಡಗೈಯಲ್ಲಿ ಅಂಗಿಯ ಅಂಚು ಹಿಡಿದ. ಬಲಗೈಯ ಹೆಬ್ಬೆರಳು ಗುಂಡಿಯನ್ನು ಕಾಜದವರೆಗೆ ತಂದಿತು, ಅಷ್ಟರಲ್ಲಿ ಮಣಿಕಟ್ಟು ಒಳಕ್ಕೆ ತಿರುಗಿ ಗುಂಡಿ ಜಾರಿತು. ಮತ್ತೆ ತಂದ, ಮತ್ತೆ ಜಾರಿತು. ಅಮ್ಮನ ಕೈ ತಾನಾಗಿ ಮುಂದೆ ಹೋದಾಗ ಆಕೆ ಕಣ್ಣಿನಿಂದಲೇ ಬೇಡವೆಂದರು. ಕೊನೆಗೆ ಗುಂಡಿಯ ಅರ್ಧಭಾಗ ಕಾಜದೊಳಗೆ ಸಿಕ್ಕಿಕೊಂಡು ನಿಂತಾಗ ತಮ್ಮ ತಲೆ ಎತ್ತಿ ನಕ್ಕ. "ಅಮ್ಮಾ, ಪ್ರಯತ್ನ ಪಡ್ತಾರೆ, ಮುಗಿಸೋಕೆ ಸಹಾಯ ಬೇಕು ಅಂತ ಬರೀತೀನಿ. ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಇವರಿಗೆ ಬರಬೇಕಾದ್ದು ಬರುತ್ತೆ" ಎಂದು ಆಕೆ ಹೇಳಿದ ಮೇಲೆ ಅಮ್ಮ ಮೊದಲಿನಿಂದ ಎಲ್ಲವನ್ನೂ ನಿಜವಾಗಿ ಹೇಳುತ್ತ ಹೋದರು: ಸ್ನಾನ ಮಾಡಿಸುವುದು ತಾವು, ರಾತ್ರಿ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುವುದು ತಾವು, ಅವನನ್ನು ಒಬ್ಬನೇ ಬಿಟ್ಟು ಮದುವೆ ಮುಂಜಿಗೆ ಹೋಗದೆ ಎಷ್ಟೋ ವರ್ಷಗಳಾದವು. ಅವರ ದಿನಚರಿಯನ್ನು ಒಬ್ಬ ಅಧಿಕಾರಸ್ಥರು ಕೂತು ಪೂರ್ತಿ ಕೇಳಿಸಿಕೊಂಡದ್ದು ನನಗೆ ತಿಳಿದಂತೆ ಅದೇ ಮೊದಲು.

ಬೌದ್ಧಿಕ ವಿಕಲತೆ ಮಧ್ಯಮ ಪ್ರಮಾಣದ್ದೆಂದು ಶೇ 75, ಚಲನೆಯ ವಿಕಲತೆ ಶೇ 40 ಎಂದು ತೀರ್ಮಾನವಾಯಿತು. ಎರಡನ್ನು ಕೂಡಿದರೆ ನೂರು ಮೀರುತ್ತದಲ್ಲ ಎಂದು ನಾನು ಗೊಂದಲಗೊಂಡಾಗ ಅಲ್ಲಿಯ ಗುಮಾಸ್ತರು ಸೂತ್ರ ವಿವರಿಸಿದರು. ದೊಡ್ಡ ಅಂಕಿಯನ್ನು ಪೂರ್ತಿ ಇಟ್ಟುಕೊಳ್ಳುತ್ತಾರೆ. ಅದನ್ನು 90ರಲ್ಲಿ ಕಳೆದು ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಿ ಬಂದದ್ದನ್ನು ಸೇರಿಸುತ್ತಾರೆ. ಹಾಗೆ ತಮ್ಮನಿಗೆ ಶೇ 82 ಬಂದಿತು. ಶೇ 80 ಮುಟ್ಟಿದ್ದರಿಂದ ಅವನ ಚೀಟಿಗೆ ನೀಲಿ ಪಟ್ಟಿ. ಶೇ 40ರಿಂದ 80ರೊಳಗಿನವರದು ಹಳದಿ. ಸೌಲಭ್ಯಗಳ ಬಹುಪಾಲು ಶೇ 40ರಿಂದ ಶುರುವಾಗುತ್ತವೆ, ಶೇ 75 ಮೀರಿದವರಿಗೆ ಮಾಸಾಶನದ ದರ ಬೇರೆ. ಹಂಚುವ ಹಣಕ್ಕೆ ಒಂದು ಅಳತೆ ಬೇಕು, ಅದು ನನಗೆ ಅರ್ಥವಾಗುತ್ತದೆ. ಆದರೂ ಈ ಅಳತೆ ಹೇಳುವುದು ತಮ್ಮನಿಂದ ಏನಾಗದು ಎಂಬುದನ್ನಷ್ಟೇ. ಅವನನ್ನು ನೋಡಿಕೊಳ್ಳುವವರ ವಯಸ್ಸೆಷ್ಟು, ಬೆನ್ನು ಹೇಗಿದೆ, ಅವರ ನಂತರ ಯಾರಿದ್ದಾರೆ ಎಂಬುದಕ್ಕೆ ಆ ಪತ್ರದಲ್ಲಿ ಒಂದು ಅಂಕಣವೂ ಇಲ್ಲ. ಸೇವೆ ಎಷ್ಟು ಬೇಕು ಎಂಬುದು ನಿಜವಾಗಿ ನಿಂತಿರುವುದು ಅದರ ಮೇಲೆ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಪೋಷಕತ್ವದ ಅರ್ಜಿ. ಅರ್ಜಿದಾರರು ಅಮ್ಮ, ಪೋಷಕಳಾಗಿ ಸೂಚಿತಳಾದವಳು ನಾನು. ಅಮ್ಮನೇ ಪೋಷಕಿಯಾಗಬಹುದಿತ್ತು, ಆದರೆ ವಯಸ್ಸಾದವರ ಹೆಸರಿನಲ್ಲಿ ಮಾಡಿಸಿ ಸ್ವಲ್ಪ ಕಾಲದಲ್ಲೇ ಇಡೀ ಪ್ರಕ್ರಿಯೆಯನ್ನು ಮೊದಲಿನಿಂದ ಆರಂಭಿಸಬೇಕಾಗಿ ಬಂದ ಕುಟುಂಬಗಳನ್ನು ವಿಆರ್‌ಡಬ್ಲ್ಯು ಕಂಡಿದ್ದರು. ನಾನು ಮದುವೆಯಾಗಿ ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲೆಯ ಶಿಕ್ಷಕಿಯಾಗಿದ್ದೇನೆ, ಹಳ್ಳಿ ಅಲ್ಲಿಂದ ದೂರವಿಲ್ಲ. ಯಜಮಾನರ ಜೊತೆ ಕೂತು ಮಾತಾಡಿ, ಮುಂದೆ ತಮ್ಮ ನಮ್ಮ ಮನೆಯಲ್ಲೇ ಇರುವ ದಿನ ಬರುತ್ತದೆಂಬುದನ್ನು ಒಪ್ಪಿಕೊಂಡ ಮೇಲೆಯೇ ನಾನು ಹೆಸರು ಕೊಟ್ಟೆ. ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಫೋಟೊಗಳು, ಇಬ್ಬರ ಆಧಾರ್, ನನ್ನ ಒಪ್ಪಿಗೆಯ ಹೇಳಿಕೆ ಎಲ್ಲವನ್ನೂ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯ ಮೂಲಕ ಸಲ್ಲಿಸಿದೆವು. ನಿಯಮದ ಪ್ರಕಾರ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಆದರೆ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಬರ, ನೆರೆ, ಚುನಾವಣೆ ಎಲ್ಲವೂ ಬಂದು ಬೀಳುತ್ತವೆ, ಅವುಗಳ ನಡುವೆ ನಮ್ಮ ಸಭೆ ಮುಂದಕ್ಕೆ ಹೋಗುತ್ತಲೇ ಇತ್ತು. ಈ ಕಾಯುವಿಕೆಯಲ್ಲಿ ಮಾಸಾಶನದ ಹಣ ಬ್ಯಾಂಕಿನಲ್ಲೇ ಉಳಿದಿತ್ತು, ತಮ್ಮನ ಮೂರ್ಛೆರೋಗದ ಮಾತ್ರೆಗಳನ್ನು ಅಮ್ಮ ಅಡಿಕೆಯ ಹಣದಿಂದ ತರುತ್ತಿದ್ದರು. ಬಡತನ ಇನ್ನೂ ಹೆಚ್ಚಿದ ಮನೆಗಳಲ್ಲಿ ಈ ತಿಂಗಳುಗಳನ್ನು ಹೇಗೆ ದಾಟುತ್ತಾರೆ ಎಂದು ನಾನು ಆಗ ಬಹಳ ಯೋಚಿಸಿದೆ. ಸಮಿತಿ ಸೇರುವ ದಿನವನ್ನು ವರ್ಷದ ಆರಂಭದಲ್ಲೇ ಗೊತ್ತುಮಾಡಿ ಪಂಚಾಯಿತಿಗಳಿಗೆ ತಿಳಿಸುವುದು ಕಷ್ಟದ ಕೆಲಸವಲ್ಲ.

ವಿಚಾರಣೆಯ ದಿನ ನಮ್ಮ ಜೊತೆ ಇನ್ನೂ ಹಲವು ಕುಟುಂಬಗಳಿದ್ದವು. ಸಭಾಂಗಣ ಮಹಡಿಯ ಮೇಲಿತ್ತು, ಆದರೆ ಗಾಲಿಕುರ್ಚಿಯವರಿದ್ದುದರಿಂದ ಸಭೆಯನ್ನೇ ಕೆಳಗಿನ ಕೋಣೆಗೆ ತಂದರು. ಜಿಲ್ಲಾಧಿಕಾರಿಗಳು ಕಾಗದಪತ್ರ ನೋಡಿ ನನ್ನನ್ನು ಕೇಳಿದ ಪ್ರಶ್ನೆ ನೇರವಾಗಿತ್ತು: ತೋಟದಲ್ಲಿ ನೀವೂ ಪಾಲುದಾರರು, ತಮ್ಮನ ಪಾಲಿನ ಪೋಷಕರೂ ನೀವೇ ಆದರೆ ಅವರ ಹಿತವನ್ನು ಕಾಯುವವರು ಯಾರು? ಈ ಪ್ರಶ್ನೆ ಬಂದೇ ಬರುತ್ತದೆಂದು ವಿಆರ್‌ಡಬ್ಲ್ಯು ಮೊದಲೇ ಹೇಳಿದ್ದರು. ತಮ್ಮನ ಪಾಲನ್ನು ದಾಖಲೆಯಲ್ಲಿ ಪ್ರತ್ಯೇಕವಾಗಿ ತೋರಿಸುತ್ತೇವೆ, ಆ ಪಾಲಿನ ಅಡಿಕೆಯ ಹಣ ಅವನ ಖಾತೆಗೇ ಹೋಗುತ್ತದೆ, ಲೆಕ್ಕವನ್ನು ಅಮ್ಮನೂ ನೋಡಿ ಸಹಿ ಮಾಡುತ್ತಾರೆ ಎಂದು ನಾನು ಬರೆದು ತಂದದ್ದನ್ನು ಕೊಟ್ಟೆ. ಪೋಷಕರು ನಿರ್ಲಕ್ಷ್ಯ ಮಾಡಿದರೆ ಅಥವಾ ಆಸ್ತಿಯನ್ನು ದುರುಪಯೋಗ ಮಾಡಿಕೊಂಡರೆ ತಂದೆ ತಾಯಿ, ಸಂಬಂಧಿಕರು ಅಥವಾ ನೋಂದಾಯಿತ ಸಂಸ್ಥೆ ದೂರು ಕೊಟ್ಟು ಅವರನ್ನು ತೆಗೆಸಬಹುದೆಂದು ಜಿಲ್ಲಾಧಿಕಾರಿಗಳು ಅಮ್ಮನಿಗೆ ಸರಳ ಮಾತಿನಲ್ಲಿ ತಿಳಿಸಿದರು. ಅದನ್ನು ನನ್ನ ಎದುರಿಗೇ ಹೇಳಿದ್ದು ನನಗೆ ಸರಿಯೆನಿಸಿತು.

ಆಮೇಲೆ ಸಮಿತಿಯಲ್ಲಿದ್ದ ವಿಕಲಚೇತನ ಸದಸ್ಯರು ತಮ್ಮ ಗಾಲಿಕುರ್ಚಿಯನ್ನು ಮೇಜಿನ ಆ ಬದಿಯಿಂದ ಈ ಬದಿಗೆ ತಂದು, ತಮ್ಮನ ಪಕ್ಕ ನಿಲ್ಲಿಸಿ, ಅವನೊಂದಿಗೇ ಮಾತಾಡಿದರು. ಊಟ ಆಯ್ತಾ, ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ದಿರಾ ಎಂದೆಲ್ಲ ಕೇಳಿ ಅವನ ಬಿಗುಮಾನ ಸಡಿಲಿಸಿದ ಮೇಲೆ, "ನಿಮಗೆ ಯಾರ ಜೊತೆ ಇರೋಕೆ ಇಷ್ಟ?" ಎಂದರು. ತಮ್ಮ "ಅಮ್ಮ" ಎಂದ. "ಅಮ್ಮ ಊರಿಗೆ ಹೋದ್ರೆ?" ಎಂದಾಗ ನನ್ನ ಕಡೆ ಕೈ ತೋರಿಸಿ, "ಅಕ್ಕ. ಚಾ ಕೊಡ್ತಾಳೆ" ಎಂದ. ಅವನ ವಿಷಯದ ಅಷ್ಟು ದೊಡ್ಡ ಕಡತದಲ್ಲಿ ಅವನದೇ ಮಾತು ದಾಖಲಾದದ್ದು ಅಲ್ಲಿ ಮಾತ್ರ. ಈ ವ್ಯಕ್ತಿಗೆ ಪೋಷಕರು ಬೇಕೇ, ಬೇಕಾದರೆ ಯಾವ ಯಾವ ಉದ್ದೇಶಗಳಿಗೆ ಎಂಬುದನ್ನು ಸಮಿತಿ ನೋಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಯಾವ ಅಂಗಿ ತೊಡಬೇಕು, ಯಾವ ಯಕ್ಷಗಾನದ ಆಟಕ್ಕೆ ಹೋಗಬೇಕು, ಯಾರ ಮನೆಯಲ್ಲಿ ಎರಡು ದಿನ ಇರಬೇಕು ಎಂಬುದರಲ್ಲಿ ಅವನ ಇಷ್ಟವೇ ನಡೆಯಬೇಕೆಂದು ಆ ಸದಸ್ಯರು ಹೊರಡುವಾಗ ನನಗೆ ಹೇಳಿದರು. ಪೋಷಕತ್ವ ಎಂದರೆ ಒಡೆತನ ಎಂದು ತಿಳಿದಿರುವ ಮನೆಗಳು ಬಹಳ ಇರುವುದರಿಂದ ಈ ಮಾತನ್ನು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ಆದೇಶ ಬಂದ ಮೇಲೂ ಬ್ಯಾಂಕಿನವರು ಇದು ನ್ಯಾಯಾಲಯದ್ದಲ್ಲವಲ್ಲ ಎಂದು ಅನುಮಾನಿಸಿದರು. ಸ್ಥಳೀಯ ಮಟ್ಟದ ಸಮಿತಿ ಕೊಟ್ಟ ಪೋಷಕತ್ವದ ಪ್ರಮಾಣಪತ್ರದ ಆಧಾರದ ಮೇಲೆ ಖಾತೆ ತೆರೆಯಬಹುದು, ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2007ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿದೆ. ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರು ಅದರ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ. ಅದನ್ನು ತೋರಿಸಿದ ಮೇಲೆ ಖಾತೆ ನನ್ನ ಸಹಿಯಿಂದ ನಡೆಯತೊಡಗಿತು. ಪವತಿ ಖಾತೆಯೂ ಮೂವರ ಹೆಸರಿಗೆ ಆಯಿತು. ನೇಮಕವಾದ ಆರು ತಿಂಗಳೊಳಗೆ ಪೋಷಕರು ತಮ್ಮ ಆಶ್ರಿತರ ಆಸ್ತಿ, ಬರಬೇಕಾದ ಹಣ, ತೀರಿಸಬೇಕಾದ ಸಾಲ ಎಲ್ಲದರ ಪಟ್ಟಿಯನ್ನು ಕೊಡಬೇಕು. ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಸೊಸೈಟಿಯ ಬೆಳೆ ಸಾಲದಲ್ಲಿ ತಮ್ಮನ ಪಾಲಿಗೆ ಬರುವಷ್ಟನ್ನೂ ಸೇರಿಸಿ ಪಟ್ಟಿ ಬರೆದೆ. ಅದಕ್ಕಾಗಿ ಒಂದು ಪುಸ್ತಕವನ್ನೇ ಇಟ್ಟಿದ್ದೇನೆ. ಅವನಿಗೆ ಕೊಂಡ ಚಪ್ಪಲಿ, ಔಷಧಿ, ಆಟದ ಟಿಕೆಟ್ಟು ಎಲ್ಲವೂ ಅದರಲ್ಲಿವೆ.

ಕಾಗದದ ಕೆಲಸಕ್ಕಾಗಿ ಬಂದ ಪುನರ್ವಸತಿ ಕಾರ್ಯಕರ್ತರ ಕಣ್ಣು ಅಮ್ಮನ ಮೇಲೆ ಬಿದ್ದದ್ದರಿಂದ ನಮ್ಮ ಮನೆಗೆ ಇನ್ನೊಂದು ದೊಡ್ಡ ಉಪಕಾರವಾಯಿತು. ತಮ್ಮನನ್ನು ಮಂಚದಿಂದ ಎತ್ತಿ ಬಚ್ಚಲಿಗೆ ನಡೆಸುವಾಗ ಅಮ್ಮ ಸೊಂಟ ಹಿಡಿದುಕೊಳ್ಳುವುದನ್ನು ಅವರು ನೋಡಿದ್ದರು. ನಮ್ಮ ಭಾಗದಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯೊಂದರ ಫಿಸಿಯೊಥೆರಪಿಸ್ಟ್ ಅವರನ್ನು ಕರೆತಂದರು. ಅಪ್ಪ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದ ಕಾಲದಲ್ಲಿ ಇಂಥ ಸೇವೆ ಸಿಗುತ್ತಿದ್ದದ್ದು ನಗರದಲ್ಲಿ ಮಾತ್ರ. ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ 1959ರಲ್ಲಿ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ. ವ್ಯಕ್ತಿಯನ್ನು ಸಂಸ್ಥೆಗೆ ಕರೆತರುವ ಬದಲು ಅವನ ಮನೆ, ಊರಿನಲ್ಲೇ, ಅಲ್ಲಿ ಸಿಗುವ ಸಾಮಗ್ರಿಯಿಂದ, ಮನೆಯವರಿಗೆ ಕಲಿಸಿ ಪುನರ್ವಸತಿ ಒದಗಿಸಬೇಕೆಂಬ ಸಮುದಾಯ ಆಧಾರಿತ ಪುನರ್ವಸತಿಯ ವಿಚಾರವನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಾಥಮಿಕ ಆರೋಗ್ಯ ಸೇವೆ ಎಲ್ಲರಿಗೂ ಸಿಗಬೇಕೆಂದ 1978ರ ಅಲ್ಮಾ ಆಟಾ ಘೋಷಣೆಯ ನಂತರ ಮುಂದಿಟ್ಟಿತು. ಅದು ನಮ್ಮ ಮನೆಯ ಹೊಸಿಲು ದಾಟಿದ್ದು ಈಗ.

ಬಂದ ಥೆರಪಿಸ್ಟ್ ಮೊದಲು ಅರ್ಧ ದಿನ ಏನನ್ನೂ ಹೇಳದೆ ಅಮ್ಮ ಮತ್ತು ತಮ್ಮ ಹೇಗೆ ಓಡಾಡುತ್ತಾರೆಂದು ನೋಡಿದರು. ನಂತರ ನಮ್ಮ ತೋಟದಲ್ಲೇ ಬಿದ್ದಿದ್ದ ಅಡಿಕೆ ಮರವನ್ನು ಸೀಳಿಸಿ ದಬ್ಬೆ ಮಾಡಿಸಿ, ತಮ್ಮನ ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಗೋಡೆಯುದ್ದಕ್ಕೂ ಕೈ ಹಿಡಿಕೆ ಕಟ್ಟಿಸಿದರು. ಎತ್ತರವನ್ನು ಅಳತೆ ಪಟ್ಟಿಯಿಂದ ನೋಡಲಿಲ್ಲ. ತಮ್ಮನನ್ನು ನಿಲ್ಲಿಸಿ, ಮೊಣಕೈ ಸ್ವಲ್ಪ ಮಡಚಿದಾಗ ಅಂಗೈ ಎಲ್ಲಿ ಬರುತ್ತದೆಯೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆದರು. ಸಿಬಿರು ಚುಚ್ಚದಂತೆ ಉಪ್ಪು ಕಾಗದದಿಂದ ಉಜ್ಜಿಸಿದರು, ತಿರುವಿನಲ್ಲಿ ಅವನ ಬಲಗೈ ಜಾರುತ್ತಿದ್ದ ಕಡೆ ಹಳೆಯ ಸೈಕಲ್ ಟ್ಯೂಬ್ ಸುತ್ತಿಸಿದರು. ಮಂಚದಿಂದ ಏಳಿಸುವಾಗ ಅವನ ಪಾದಗಳನ್ನು ಮೊದಲು ಹಿಂದಕ್ಕೆ ಸರಿಸಿ, ಅವನನ್ನೇ ಮುಂದಕ್ಕೆ ಬಾಗಿಸಿ, ಅವನ ಭಾರ ಅವನ ಕಾಲಿನ ಮೇಲೆ ಬಂದ ಮೇಲೆ ಮಾತ್ರ ಕೈ ಕೊಡಬೇಕೆಂದು ಅಮ್ಮನಿಗೆ ಮಾಡಿ ಮಾಡಿ ತೋರಿಸಿದರು. ಮೊದಲ ಬಾರಿಗೆ ಅವನು ದಬ್ಬೆ ಹಿಡಿದು ಒಬ್ಬನೇ ಬಚ್ಚಲಿಗೆ ಹೋದ ದಿನ ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. ಏಳಬೇಡಿ ಎಂದು ಅವರಿಗೆ ಕಟ್ಟುನಿಟ್ಟಾಗಿ ಹೇಳಲಾಗಿತ್ತು. ಇದಕ್ಕೆ ತಗುಲಿದ ಖರ್ಚು ಒಬ್ಬ ಬಡಗಿಯ ಕೂಲಿ.

ಬಚ್ಚಲಿಗೆ ಕಮೋಡ್ ಮತ್ತು ಅಂಗಳದಿಂದ ಜಗಲಿಗೆ ಇಳಿಜಾರು ಮಾಡಿಸಿದ್ದು ಪಂಚಾಯಿತಿಯ ಹಣದಿಂದ. ಗ್ರಾಮ ಪಂಚಾಯಿತಿಗಳು ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ವೆಚ್ಚ ಮಾಡಬೇಕೆಂಬ ನಿಯಮವಿದೆ. ವಿಕಲಚೇತನರಿಗಾಗಿಯೇ ಕರೆದ ಗ್ರಾಮಸಭೆಯಲ್ಲಿ ಕೇಳದ ಹೊರತು ಆ ಹಣ ವರ್ಷದ ಕೊನೆಯಲ್ಲಿ ಎಲ್ಲರಿಗೂ ಒಂದೇ ಬಗೆಯ ಸಾಮಾನು ಹಂಚುವುದರಲ್ಲಿ ಮುಗಿಯಬಹುದು. ಅಮ್ಮ ಜೀವನದಲ್ಲಿ ಮೊದಲ ಸಲ ಸಭೆಯಲ್ಲಿ ಎದ್ದು ನಿಂತು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಮಗ ಬಿದ್ದದ್ದನ್ನು ಪಿಡಿಒ ಅವರಿಗೆ ಹೇಳಿದರು. ಅವರ ಬೆನ್ನಿಗೆ ಇನ್ನೂ ನಾಲ್ಕಾರು ತಾಯಂದಿರು ಮಾತಾಡಿದರು.

ಆ ತಾಯಂದಿರೇ ಈಗ ತಿಂಗಳಿಗೊಮ್ಮೆ ಸೇರುತ್ತಾರೆ. ನಿರಾಮಯ ಆರೋಗ್ಯ ವಿಮೆಯ ಬಗ್ಗೆ ನಮಗೆ ತಿಳಿದದ್ದು ಅಲ್ಲಿಯೇ. ನ್ಯಾಷನಲ್ ಟ್ರಸ್ಟ್ ವ್ಯಾಪ್ತಿಯ ವಿಕಲತೆ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಈ ವಿಮೆ ಮುಂಚಿತ ವೈದ್ಯಕೀಯ ಪರೀಕ್ಷೆಯಿಲ್ಲದೆ ಸಿಗುತ್ತದೆ, ಆಸ್ಪತ್ರೆಯಲ್ಲಿ ದಾಖಲಾಗದೆ ಪಡೆಯುವ ಥೆರಪಿಗೂ ಅದರಲ್ಲಿ ಅವಕಾಶವಿದೆ. ತಾಲ್ಲೂಕು ಕೇಂದ್ರದಲ್ಲಿ ಸಂಸ್ಥೆಯೊಂದು ನಡೆಸುವ ಹಗಲು ಆರೈಕೆ ಕೇಂದ್ರಕ್ಕೆ ತಮ್ಮ ಹೋಗತೊಡಗಿದ್ದೂ ಅವರ ಒತ್ತಾಯದಿಂದಲೇ. ಅವನು ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸಿನಲ್ಲಿ ಬರುತ್ತಾನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಬರುವ ಅಮ್ಮನಿಗೂ ಟಿಕೆಟ್ಟಿನ ಖರ್ಚಿಲ್ಲ. ಕೇಂದ್ರದಲ್ಲಿ ಅವನು ಅಡಿಕೆ ಹಾಳೆಗಳನ್ನು ತೊಳೆದು ಒಣಗಿಸುವ ಕೆಲಸದಲ್ಲಿ ಕೈಜೋಡಿಸುತ್ತಾನೆ, ಗೆಳೆಯರ ಹೆಸರು ಹೇಳಲು ಕಲಿತಿದ್ದಾನೆ. ಶಾಲೆಯ ವಯಸ್ಸಿನವರಿಗೆ ಸಂಪನ್ಮೂಲ ಶಿಕ್ಷಕರು ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣದಂಥ ಏರ್ಪಾಡಾದರೂ ಇದೆ; ಹದಿನೆಂಟು ದಾಟಿದವರಿಗೆ ಮನೆಯ ಹೊರಗೆ ಹೋಗಿ ಕೂರಲು ಒಂದು ಜಾಗ ನಮ್ಮ ಹಲವು ತಾಲ್ಲೂಕುಗಳಲ್ಲಿ ಇಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ದೊಡ್ಡ ಕೊರತೆ ಎದುರಾದದ್ದು ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದಾಗ. ಬಗ್ಗಬಾರದು, ಭಾರ ಎತ್ತಬಾರದು ಎಂದು ವೈದ್ಯರು ಹೇಳಿದ್ದರು. ಹಗಲು ಕೇಂದ್ರ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ನಾನು ರಜೆ ಹಾಕಿದೆ, ರಜೆ ಮುಗಿದ ಮೇಲೆ ತಾಯಂದಿರ ಗುಂಪಿನ ಒಬ್ಬರು, ತಮ್ಮ ಮಗಳನ್ನೂ ಕರೆದುಕೊಂಡು, ನಮ್ಮ ಮನೆಯಲ್ಲೇ ಬಂದು ಉಳಿದರು. ಆರೈಕೆ ಮಾಡುವವರಿಗೆ ಕಾಯಿಲೆಯಾದಾಗ, ಅಥವಾ ಕೇವಲ ದಣಿವಾದಾಗ, ಕೆಲವು ದಿನ ಅವರ ಹೊಣೆ ಹೊರುವ ತಾತ್ಕಾಲಿಕ ವಸತಿ ಆರೈಕೆಗೆ ನ್ಯಾಷನಲ್ ಟ್ರಸ್ಟ್‌ನಲ್ಲಿ ಸಮರ್ಥ್ ಎಂಬ ಯೋಜನೆಯಿದೆ. ಆದರೆ ಅದನ್ನು ನಡೆಸಲು ಮುಂದೆ ಬರುವ ಸಂಸ್ಥೆ ಇರುವ ಊರಿನಲ್ಲಿ ಮಾತ್ರ ಅದು ಸಿಗುತ್ತದೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತು 2016ರ ಕಾಯ್ದೆಯಲ್ಲೇ ಇದೆ, ಸೆರೆಬ್ರಲ್ ಪಾಲ್ಸಿಯಂಥ ಕೆಲವು ಸ್ಥಿತಿಗಳಲ್ಲಿ ಆರೈಕೆ ಮಾಡುವವರಿಗೆ ಪ್ರೋತ್ಸಾಹಧನವನ್ನು ನಮ್ಮ ರಾಜ್ಯವೂ ಘೋಷಿಸಿದೆ. ಹಣ ಬೇಕೇ ಬೇಕು. ಅದರಷ್ಟೇ ಬೇಕಾದದ್ದು ರಾತ್ರಿ ಎದ್ದು ಬಚ್ಚಲಿಗೆ ಕರೆದೊಯ್ಯುವ ಇನ್ನೊಂದು ಜೊತೆ ಕೈ.

ನಮ್ಮ ವಿಆರ್‌ಡಬ್ಲ್ಯು ಅವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕಾಯ್ದೆ, ಸುತ್ತೋಲೆ, ವಿಮೆ, ಶೇ 5ರ ಹಣ ಎಲ್ಲವೂ ನಾವು ಕೇಳುವ ಮುಂಚೆಯೇ ಇದ್ದವು. ಅವು ನಮ್ಮ ಮನೆಗೆ ಬಂದದ್ದು ಅವರ ಸ್ಕೂಟರಿನಲ್ಲಿ. ಅವರಿಗೆ ಸಿಗುವುದು ಗೌರವಧನ, ಸಂಬಳವಲ್ಲ. ಸೇವಾ ಭದ್ರತೆ ಬೇಕೆಂದು ರಾಜ್ಯದ ಕಾರ್ಯಕರ್ತರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ, ಅವರ ಮನವಿಗಳಿಗೆ ನಮ್ಮ ಗುಂಪಿನ ತಾಯಂದಿರೂ ಸಹಿ ಹಾಕಿದ್ದಾರೆ.

ಈಗ ಆ ಗುಂಪಿನಿಂದ ಇನ್ನೊಂದು ಅರ್ಜಿ ಸಿದ್ಧವಾಗಿದೆ. ಹಗಲು ಕೇಂದ್ರದ ಕಟ್ಟಡದ ಹಿಂದೆ ಖಾಲಿ ಇರುವ ಎರಡು ಕೋಣೆಗಳಲ್ಲಿ ಆರು ಹಾಸಿಗೆಗಳ ತಾತ್ಕಾಲಿಕ ವಸತಿ ಆರೈಕೆಯನ್ನು ಆರಂಭಿಸಬೇಕು, ರಾತ್ರಿ ಪಾಳಿಗೆ ತರಬೇತಾದ ಇಬ್ಬರನ್ನು ನೇಮಿಸಬೇಕು, ಸಮೀಪದ ಪಂಚಾಯಿತಿಗಳು ತಮ್ಮ ಶೇ 5ರ ಹಣದಲ್ಲಿ ಒಂದು ಭಾಗವನ್ನು ಇದಕ್ಕೆ ಕೂಡಿಸಿ ಕೊಡಬೇಕು ಎಂಬುದು ಅದರಲ್ಲಿರುವ ಕೋರಿಕೆ. ಕರಡು ಬರೆದವಳು ನಾನು. ಹಾಸಿಗೆ ನೆಲಕ್ಕೆ ಎಷ್ಟು ಹತ್ತಿರವಿರಬೇಕು, ಬಚ್ಚಲು ಎಷ್ಟು ಹೆಜ್ಜೆ ದೂರವಿದ್ದರೆ ಸರಿ, ಹಿಡಿಕೆ ಯಾವ ಎತ್ತರದಲ್ಲಿರಬೇಕು ಎಂಬುದನ್ನೆಲ್ಲ ಹೇಳಿ ಬರೆಸಿದವರು ಅಮ್ಮ. ಮುಂದಿನ ವಾರ ಅದನ್ನು ಜಿಲ್ಲಾ ಕಚೇರಿಗೆ ಕೊಡಲು ಹೋಗುವವರ ಪಟ್ಟಿಯಲ್ಲಿ ತಮ್ಮನ ಹೆಸರನ್ನೂ ಸೇರಿಸಿದ್ದೇವೆ.